ಹಳೆಯ ಲೇತಿನ ಕದಿರು: ದೋಷನಿದಾನ ಮತ್ತು ದುರಸ್ತಿ

ಲೋಹವನ್ನು ಕಡೆದು ರೂಪಿಸುವ ಯಂತ್ರಗಳಲ್ಲಿ ಲೇತು ಆದ್ಯವಾದುದು. ಇದಕ್ಕೆ ಕನ್ನಡದಲ್ಲಿ ಕಡಸಲು ಎಂಬ ಹೆಸರು ಹಿಂದಿನಿಂದಲೂ ಉಂಟು. ಚನ್ನಪಟ್ಟಣದ ಬೊಂಬೆಗಾರರು ಹಾಲೆಮರದ ತುಂಡುಗಳಿಗೆ ದುಂಡು ಮೈ ಕೊಡುವುದು ಕಡಸಲಿನಿಂದಲೇ. ಬೇಲೂರು, ಹಳೇಬೀಡುಗಳ ದೇವಾಲಯಗಳಲ್ಲಿ ಕನ್ನಡಿಯಂತೆ ಹೊಳೆಯುವ ಬಳಪದ ಕಲ್ಲಿನ ಕಂಬಗಳನ್ನೂ ತಿರುಗಿಸಿ ಕಡೆದಿರಬೇಕೆಂದು ಶಿಲ್ಪವನ್ನು ಬಲ್ಲವರು ಹೇಳುತ್ತಾರೆ. ಮರವಾಗಲಿ, ಕಲ್ಲಾಗಲಿ, ಉಕ್ಕಾಗಲಿ, ಈ ಕ್ರಿಯೆಯ ತತ್ತ್ವ ಒಂದೇ. ವಸ್ತು ತಿರುಗುತ್ತದೆ, ಉಳಿ ನಿಲ್ಲುತ್ತದೆ. ತಿರುಗುವ ವಸ್ತುವಿನ ಅಕ್ಷ ಅಚಲವಾಗಿದ್ದರೆ ಉಳಿ ತಾಕಿದ ಮೈಯೆಲ್ಲವೂ ವೃತ್ತವಾಗುತ್ತದೆ. ಅಕ್ಷವೇ ಚಲಿಸಿದರೆ ಕುಶಲನ ಕೈಯೂ ವ್ಯರ್ಥ.

ಆ ಅಕ್ಷವನ್ನು ಹೊತ್ತಿರುವ ಅಂಗವನ್ನು ಕಾರ್ಖಾನೆಯಲ್ಲಿ ಸ್ಪಿಂಡಲ್ ಎನ್ನುತ್ತಾರೆ. ನೂಲುವ ರಾಟೆಯ ಸ್ಪಿಂಡಲ್ಲಿಗೆ ಕದಿರು ಎಂಬ ಅಚ್ಚಗನ್ನಡ ಶಬ್ದವಿರುವುದರಿಂದ ಲೇತಿನ ಸ್ಪಿಂಡಲ್ಲಿಗೂ ಅದನ್ನೇ ಬಳಸುವುದು ಅನುಚಿತವಲ್ಲ. ಕದಿರು ತಿರುಗುವಾಗ ಅದರ ಮೇಲೆ ಹಿಡಿದ ವಸ್ತು ತನ್ನ ನಿಜವಾದ ಕೇಂದ್ರವನ್ನು ಬಿಟ್ಟು ಓಲಾಡುವುದಕ್ಕೆ ರನ್‌ಔಟ್ ಎಂದು ಹೆಸರು. ಇದಕ್ಕೆ ಓಲಾಟವೆಂದರೆ ಅರ್ಥಕ್ಕೆ ಲೋಪವಿಲ್ಲ. ಅಳೆಯುವವರು ನೆನಪಿಡಬೇಕಾದ ಒಂದು ಮಾತುಂಟು: ಡಯಲ್ ಗೇಜಿನ ಮುಳ್ಳು ಒಂದು ಪೂರ್ಣ ಸುತ್ತಿನಲ್ಲಿ ತೋರುವ ಒಟ್ಟು ಚಲನೆಯು ಕೇಂದ್ರ ತಪ್ಪಿರುವ ದೂರದ ಎರಡರಷ್ಟು. ಮುಳ್ಳು 0.10 ಮಿ.ಮೀ. ಆಡಿದರೆ ಕೇಂದ್ರ ಸರಿದಿರುವುದು 0.05 ಮಿ.ಮೀ. ಮಾತ್ರ. ಈ ಇಮ್ಮಡಿಯ ಲೆಕ್ಕವನ್ನು ಮರೆತು ಬೇಕಾದುದಕ್ಕಿಂತ ಎರಡು ಪಟ್ಟು ಲೋಹವನ್ನು ಕೊರೆದು ತೆಗೆದವರುಂಟು.

ಹಳೆಯ ಲೇತನ್ನು ಹೊಸದಾಗಿ ಪಡೆದವರು ಮಾಡುವ ಮೊದಲ ಪರೀಕ್ಷೆ ಪ್ರಾಯಶಃ ಇದು: ಮೂರು ದವಡೆಯ ಚಕ್ಕಿನಲ್ಲಿ ಒಂದು ಸರಳನ್ನು ಹಿಡಿದು, ಅದರ ಮೇಲೆ ಡಯಲ್ ಗೇಜನ್ನು ತಾಗಿಸಿ ತಿರುಗಿಸುವುದು. ಮುಳ್ಳು ಹದಿನೈದು ಇಪ್ಪತ್ತು ಗೆರೆಗಳಷ್ಟು ಆಡಿದ ಕೂಡಲೇ ‘ಸ್ಪಿಂಡಲ್ ಕೆಟ್ಟಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಬಳಿಕ ಬೇರಿಂಗ್ ಬಿಚ್ಚುವುದು, ಮುಚ್ಚಳವನ್ನು ಅರದಿಂದ ಉಜ್ಜುವುದು, ಕದಿರನ್ನು ಗ್ರೈಂಡಿಂಗಿಗೆ ಕಳುಹಿಸುವುದು ಮೊದಲಾದ ಕೆಲಸಗಳು ನಡೆದುಹೋಗುತ್ತವೆ. ಇವೆಲ್ಲವೂ ಹಿಂದಿರುಗಿ ಬಾರದ ಕೆಲಸಗಳು. ಉಜ್ಜಿ ತೆಗೆದ ಲೋಹವನ್ನು ಮತ್ತೆ ಕೂಡಿಸುವುದು ಸಾಧ್ಯವಿಲ್ಲ. ಬಿಡಿಭಾಗ ದೊರೆಯದ ಹಳೆಯ ಯಂತ್ರವಾದರೆ ಅಲ್ಲಿಗೆ ಅದರ ಆಯುಷ್ಯವೇ ಮುಗಿದಂತೆ.

ವಾಸ್ತವವಾಗಿ ಆ ಮುಳ್ಳಿನ ಆಟದಲ್ಲಿ ಆರೇಳು ಕಾರಣಗಳು ಒಟ್ಟುಗೂಡಿವೆ: ಸರಳೇ ಡೊಂಕಾಗಿರಬಹುದು, ದವಡೆಗಳು ಸವೆದಿರಬಹುದು, ಚಕ್ಕಿನೊಳಗಿನ ಸುರುಳಿ ಸವೆದಿರಬಹುದು, ಚಕ್ಕನ್ನು ಕದಿರಿಗೆ ಕೂಡಿಸುವ ಬ್ಯಾಕ್‌ಪ್ಲೇಟ್ ಓರೆಯಾಗಿರಬಹುದು, ಕದಿರಿನ ಮೂತಿಯಲ್ಲಿ ಒಂದು ಚೂರು ಲೋಹ ಸಿಕ್ಕಿಕೊಂಡಿರಬಹುದು, ಬೇರಿಂಗ್ ಸಡಿಲವಾಗಿರಬಹುದು, ಕಟ್ಟಕಡೆಗೆ ಕದಿರೇ ಬಾಗಿರಬಹುದು. ಓಲೆಗರಿಯಲ್ಲಿ ಪಾಠ ತಪ್ಪಿದ್ದರೆ ಅದು ಕವಿಯ ತಪ್ಪೋ, ಮೂಲಪ್ರತಿಯ ತಪ್ಪೋ, ಲಿಪಿಕಾರನ ಕೈತಪ್ಪೋ ಎಂದು ನಿರ್ಣಯಿಸದೆ ತಿದ್ದಲು ಹೊರಟ ಸಂಪಾದಕನು ಗ್ರಂಥವನ್ನು ಕೆಡಿಸುತ್ತಾನೆ. ಇಲ್ಲಿಯೂ ಹಾಗೆಯೇ. ಶಾಸ್ತ್ರಕಾರರು ಹೇಳುವ ಅನ್ವಯ–ವ್ಯತಿರೇಕಗಳ ಮಾರ್ಗ ಈ ಯಂತ್ರಕ್ಕೂ ಸಲ್ಲುತ್ತದೆ. ಯಾವುದಿದ್ದರೆ ದೋಷವಿರುವುದೋ, ಯಾವುದನ್ನು ತೆಗೆದರೆ ದೋಷ ಹೋಗುವುದೋ ಅದೇ ಕಾರಣ.

ಇದನ್ನು ವಿಶದಪಡಿಸಲು ಒಂದು ನಿರ್ದಿಷ್ಟ ಯಂತ್ರವನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್ನಿನಲ್ಲಿ ಮೈಫೋರ್ಡ್ ಸಂಸ್ಥೆಯವರು 1946ರಿಂದ ತಯಾರಿಸಿದ ಎಂಎಲ್ 7 ಎಂಬ ಚಿಕ್ಕ ಲೇತು ಶಾಲೆಗಳಲ್ಲಿಯೂ ಮನೆಯ ಕಾರ್ಯಾಗಾರಗಳಲ್ಲಿಯೂ ಬಹಳ ಪ್ರಸಿದ್ಧವಾಯಿತು. ಬೆಡ್ಡಿನಿಂದ ಕೇಂದ್ರಕ್ಕೆ ಅದರ ಎತ್ತರ 3½ ಅಂಗುಲ. ಕದಿರಿನ ಮೂತಿಯ ಮೇಲೆ 1⅛ ಅಂಗುಲ ವ್ಯಾಸದ, ಅಂಗುಲಕ್ಕೆ 12 ಸುತ್ತಿನ ಮರೆ. ಒಳಗೆ 2ನೆಯ ಸಂಖ್ಯೆಯ ಮೋರ್ಸ್ ಟೇಪರ್. ಕದಿರು ತಿರುಗುವುದು ಬಿಳಿ ಲೋಹದ, ಎರಡು ಹೋಳಾಗಿ ಸೀಳಿದ ಬೇರಿಂಗುಗಳಲ್ಲಿ. 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬ ಅಮೆರಿಕನನು ಪೇಟೆಂಟ್ ಪಡೆದ ಬೇರಿಂಗಿನ ಪರಂಪರೆಗೆ ಸೇರಿದ ಈ ತವರಪ್ರಧಾನ ಮಿಶ್ರಲೋಹವು ಮೃದುವಾದುದು. ಧೂಳಿನ ಕಣ ಒಳಹೊಕ್ಕರೆ ಅದನ್ನು ತನ್ನಲ್ಲಿ ಹುದುಗಿಸಿಕೊಂಡು ಕದಿರಿನ ಮೈಯನ್ನು ಕಾಪಾಡುತ್ತದೆ. ಬೀಸ್ಟನ್ನಿನ ಆ ಕಾರ್ಖಾನೆ 2011ರಲ್ಲಿ ಮುಚ್ಚಿತು. ಆದಕಾರಣ ಅಲ್ಲಿಂದ ಬಂದ ಒಂದೊಂದು ಕದಿರನ್ನೂ ಕೈಗೆಟುಕದ ವಸ್ತುವೆಂದೇ ಭಾವಿಸಿ ಮುಟ್ಟಬೇಕು.

ಪರೀಕ್ಷೆಯ ಕ್ರಮ ಒಳಗಿನಿಂದ ಹೊರಕ್ಕೆ. ಸಂಶಯದ ಕ್ರಮ ಹೊರಗಿನಿಂದ ಒಳಕ್ಕೆ. ಅಂದರೆ ಮೊದಲು ಸಂಶಯಪಡಬೇಕಾದುದು ಚಕ್ಕನ್ನೇ, ಆದರೆ ಮೊದಲು ಅಳೆಯಬೇಕಾದುದು ಬೇರಿಂಗನ್ನು. ಬೇರಿಂಗ್ ಸಡಿಲವಾಗಿದ್ದಲ್ಲಿ ಅದರ ಮೇಲಿನ ಯಾವ ಅಳತೆಯೂ ನಂಬಿಕೆಗೆ ಯೋಗ್ಯವಲ್ಲ.

ಕೆಲಸಕ್ಕೆ ತೊಡಗುವ ಮುನ್ನ ವಿದ್ಯುತ್ತನ್ನು ಸ್ವಿಚ್ಚಿನಲ್ಲಷ್ಟೇ ಅಲ್ಲದೆ ಮೂಲದಲ್ಲಿಯೇ ಕಡಿಯತಕ್ಕದ್ದು. ಈ ಪರೀಕ್ಷೆಗಳೆಲ್ಲವೂ ಕೈಯಿಂದ ತಿರುಗಿಸಿ ಮಾಡತಕ್ಕವು. ಬೆಲ್ಟನ್ನು ಸಡಿಲಿಸಬೇಕು; ಬಿಗಿದ ಬೆಲ್ಟು ಕದಿರನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು ಸಡಿಲವನ್ನು ಮುಚ್ಚಿಡುತ್ತದೆ. ಅನಂತರ ಚಕ್ಕನ್ನು ಬಿಚ್ಚಿ, ಮೂತಿಯ ಮರೆಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು, ಟೇಪರಿನ ಒಳಮೈಯನ್ನು ನೂಲೆಳೆ ಬಿಡದ ಬಟ್ಟೆಯಿಂದ ಒರಸಬೇಕು. ಬಳಿಕ ಬೆರಳಿಂದ ಸವರಿ ನೋಡಬೇಕು. ಕಣ್ಣಿಗೆ ಬೀಳದ ಸಣ್ಣ ಉಬ್ಬು ಬೆರಳಿಗೆ ತಿಳಿಯುತ್ತದೆ. ಉಬ್ಬು ಕಂಡರೆ ನಯವಾದ ಸಾಣೆಕಲ್ಲಿನಿಂದ ಅದೊಂದನ್ನೇ ತಗ್ಗಿಸಬೇಕೇ ಹೊರತು ಸುತ್ತಣ ಮೈಯನ್ನು ಮುಟ್ಟಬಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಮರೆಯುಳ್ಳ ಮೂತಿಯಲ್ಲಿ ಚಕ್ಕನ್ನು ಕೇಂದ್ರಕ್ಕೆ ತರುವುದು ಮರೆಯೇ ಎಂದು ಅನೇಕರು ನಂಬಿದ್ದಾರೆ. ಮರೆಯು ಎಳೆದು ಹಿಡಿಯುತ್ತದೆ, ಅಷ್ಟೇ. ಕೇಂದ್ರ ನಿಲ್ಲಿಸುವುದು ಮರೆಯ ಹಿಂದಿರುವ, ರಿಜಿಸ್ಟರ್ ಎಂದು ಕರೆಯುವ ನುಣುಪಾದ ಸಿಲಿಂಡರ್ ಭಾಗ. ಓರೆಯಾಗದಂತೆ ಕಾಯುವುದು ಅದರ ಹಿಂದಿನ ಚಪ್ಪಟೆ ಹೆಗಲು. ಈ ಹೆಗಲಿನ ಮಹತ್ತ್ವ ಲೆಕ್ಕ ಹಾಕಿದಾಗ ಸ್ಪಷ್ಟವಾಗುತ್ತದೆ. 40 ಮಿ.ಮೀ. ವ್ಯಾಸದ ಹೆಗಲಿನ ಒಂದು ಅಂಚಿನಲ್ಲಿ 0.05 ಮಿ.ಮೀ. ದಪ್ಪದ, ಎಂದರೆ ಕೂದಲೆಳೆಯಂತಹ ಲೋಹದ ಚೂರು ಸಿಕ್ಕಿಕೊಂಡಿತೆನ್ನೋಣ. ಹೆಗಲಿನಿಂದ 120 ಮಿ.ಮೀ. ಮುಂದಕ್ಕೆ ಅದು ಮೂರರಷ್ಟಾಗಿ ಅಕ್ಷವನ್ನು 0.15 ಮಿ.ಮೀ. ಸರಿಸುತ್ತದೆ, ಡಯಲಿನ ಮುಳ್ಳು 0.30 ಮಿ.ಮೀ. ಆಡುತ್ತದೆ. ಒಂದು ಚೂರು ತೆಗೆದರೆ ಹೋಗುವ ಈ ದೋಷಕ್ಕಾಗಿ ಬೇರಿಂಗುಗಳನ್ನು ಬಿಚ್ಚಿದರೆ ಯಂತ್ರದ ಗತಿಯೇನು!

ಇನ್ನು ಬೇರಿಂಗಿನ ಪರೀಕ್ಷೆ. ಡಯಲ್ ಗೇಜನ್ನು ಹೆಡ್‌ಸ್ಟಾಕಿನ ಮೇಲೆಯೇ ನಿಲ್ಲಿಸಿ, ಅದರ ತುದಿಯನ್ನು ರಿಜಿಸ್ಟರಿನ ನೆತ್ತಿಗೆ ತಾಗಿಸಬೇಕು. ಒಂದಡಿ ಉದ್ದದ ಗಟ್ಟಿಯಾದ ಸರಳನ್ನು ಕದಿರಿನಲ್ಲಿ ಹಿಡಿದು ಮೆಲ್ಲನೆ ಮೇಲಕ್ಕೆತ್ತಬೇಕು. ಮುಳ್ಳು ಆಡಿದುದೆಲ್ಲವೂ ಸಡಿಲವಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಬಲಪ್ರಯೋಗಕ್ಕೆ ಎರಕದ ಕಬ್ಬಿಣವೂ ಬಾಗುತ್ತದೆ. ಬಾಗುವಿಕೆಯು ಬಲ ಹೆಚ್ಚಿದಂತೆ ಹೆಚ್ಚುತ್ತ ಹೋಗುತ್ತದೆ. ನಿಜವಾದ ಸಡಿಲವಾದರೋ ಅಲ್ಪಬಲಕ್ಕೇ ಥಟ್ಟನೆ ಜಿಗಿದು ಅಲ್ಲಿಯೇ ನಿಲ್ಲುತ್ತದೆ. ಆ ಜಿಗಿತವನ್ನು ಓದಬೇಕು. ಇಂತಹ ಸಾದಾ ಬೇರಿಂಗಿನಲ್ಲಿ ಎಣ್ಣೆಯ ಪದರಕ್ಕೆ ಎಡೆಯಿರಲೇಬೇಕು; ಅಂಗುಲದ ಸಾವಿರದ ಒಂದು ಭಾಗ, ಎಂದರೆ 0.025 ಮಿ.ಮೀ.ಯ ಆಸುಪಾಸಿನ ಸಡಿಲ ದೋಷವಲ್ಲ. ಅದರ ಮೂರು ನಾಲ್ಕು ಪಟ್ಟಾದರೆ ಚಿಕಿತ್ಸೆ ಬೇಕು. ಅಂತಹ ಲೇತು ಕೆಲಸದಲ್ಲಿಯೂ ತನ್ನ ರೋಗವನ್ನು ತೋರಿಸಿಕೊಳ್ಳುತ್ತದೆ: ಕಡೆದ ಮೈಯ ಮೇಲೆ ಅಲೆಯಲೆಯಾಗಿ ಅದುರಿನ ಗುರುತು ಮೂಡುತ್ತದೆ, ತುಂಡು ಕತ್ತರಿಸುವ ಉಳಿ ಕಚ್ಚಿಕೊಂಡು ಮುರಿಯುತ್ತದೆ. ವಿದ್ಯಾರ್ಥಿಯ ಕೈ ಸರಿಯಿಲ್ಲವೆಂದು ಬೈಯುವ ಮೊದಲು ಈ ಸರಳನ್ನೊಮ್ಮೆ ಎತ್ತಿ ನೋಡುವುದು ನ್ಯಾಯ.

ಎಂಎಲ್ 7ರ ಬೇರಿಂಗಿನ ಮುಚ್ಚಳದ ಕೆಳಗೆ, ಎರಡು ಪಕ್ಕದಲ್ಲಿಯೂ, ಷಿಮ್ ಎಂಬ ಪಟ್ಟಿಗಳಿವೆ. ತೆಳುವಾದ ಲೋಹದ ಹಾಳೆಗಳನ್ನು ಪುಸ್ತಕದ ಪುಟಗಳಂತೆ ಒಂದರ ಮೇಲೊಂದು ಅಂಟಿಸಿ ಅವನ್ನು ಮಾಡಿದ್ದಾರೆ. ಸವೆತವಾದಾಗ ಒಂದೊಂದೇ ಹಾಳೆಯನ್ನು ಚಾಕುವಿನ ಮೊನೆಯಿಂದ ಸುಲಿದರೆ ಮುಚ್ಚಳ ಅಷ್ಟು ಕೆಳಗಿಳಿಯುತ್ತದೆ. ಎರಡು ಪಕ್ಕದಿಂದಲೂ ಸಮವಾಗಿ ತೆಗೆಯಬೇಕು. ಒಂದೇ ಪಕ್ಕ ತೆಗೆದರೆ ಮುಚ್ಚಳ ಓರೆಯಾಗಿ ಕೂರುತ್ತದೆ. ಮುಂದಿನ ಬೇರಿಂಗನ್ನು ಹೊಂದಿಸುವಾಗ ಹಿಂದಿನದನ್ನು ಸಡಿಲಬಿಟ್ಟು, ಒಂದಾದ ಮೇಲೊಂದನ್ನು ನೋಡುವುದು ಕ್ರಮ. ಬೋಲ್ಟುಗಳನ್ನು ಪೂರ್ತಿ ಬಿಗಿದ ಮೇಲೂ ಎಣ್ಣೆ ಹಾಕಿದ ಕದಿರು ಕೈಗೆ ಹಗುರವಾಗಿ ತಿರುಗಬೇಕು. ಬಿಗಿಯಾಯಿತೆಂದು ಬೋಲ್ಟನ್ನೇ ಅರ್ಧ ಸಡಿಲಿಸಿ ಕೆಲಸ ಸಾಗಿಸುವುದು ಕೆಲವರ ರೂಢಿ. ಇದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಸಡಿಲ ಬೋಲ್ಟಿನ ಮುಚ್ಚಳ ಕದಿರನ್ನು ಹಿಡಿಯುವುದೇ ಇಲ್ಲ. ಮುಚ್ಚಳದ ಅಂಚನ್ನು ಅರದಿಂದ ಉಜ್ಜುವುದನ್ನಂತೂ ಕನಸಿನಲ್ಲಿಯೂ ಯೋಚಿಸಬಾರದು. ಬಿಳಿ ಲೋಹದ ಮೈಯಲ್ಲಿ ಗೀರುಗಳಿದ್ದರೆ, ಕದಿರಿಗೆ ಪ್ರಷ್ಯನ್ ನೀಲಿಯನ್ನು ತೆಳುವಾಗಿ ಬಳಿದು, ಇಟ್ಟು ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಹೆರೆಯುಳಿಯಿಂದ ಹೆರೆಯಬೇಕು. ಇದು ಒಂದು ಮಧ್ಯಾಹ್ನದ ಕೆಲಸವಲ್ಲ. ಕೊನೆಗೆ ತೆಳು ಎಣ್ಣೆ ಹಾಕಿ, ನಿಧಾನಗತಿಯಲ್ಲಿ ಅರ್ಧ ಗಂಟೆ ಓಡಿಸಿ, ಯಂತ್ರವನ್ನು ನಿಲ್ಲಿಸಿ ಮುಚ್ಚಳವನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಷ್ಟು ಕಾದಿದ್ದರೆ ಒಂದು ಹಾಳೆಯನ್ನು ಮರಳಿ ಸೇರಿಸಬೇಕು.

ದೊಡ್ಡ ಲೇತುಗಳಲ್ಲಿ ಬಿಳಿ ಲೋಹಕ್ಕೆ ಬದಲಾಗಿ ಉರುಳುವ ಬೇರಿಂಗುಗಳಿರುವುದು ಸಾಮಾನ್ಯ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಮತ್ತು ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಕಾರ್ಖಾನೆಗಳಿಂದ ಬಂದ ಲೇತುಗಳನ್ನು ಕನ್ನಡ ನಾಡಿನ ಕಾರ್ಯಾಗಾರಗಳು ಚೆನ್ನಾಗಿ ಬಲ್ಲವು. ಉರುಳುವ ಬೇರಿಂಗ್ ಇರುವ ಕಡೆ ಸಡಿಲವನ್ನು ನೀಗಿಸುವುದು ಹಿಂದಿನ ನಟ್ಟನ್ನು ಅಲ್ಪಾಲ್ಪವಾಗಿ ಬಿಗಿಯುವುದರಿಂದ. ಅಂತಹ ಬೇರಿಂಗನ್ನು ಬದಲಿಸಬೇಕಾಗಿ ಬಂದಾಗ ಅನುಭವಿಗಳು ಒಂದು ಉಪಾಯ ಮಾಡುತ್ತಾರೆ. ಕದಿರಿನ ಉಬ್ಬುಬಿಂದು ಎಲ್ಲಿದೆ, ಬೇರಿಂಗಿನ ಒಳಬಳೆಯ ಉಬ್ಬುಬಿಂದು ಎಲ್ಲಿದೆ ಎಂದು ಗುರುತು ಹಾಕಿ, ಅವೆರಡೂ ಎದುರುಬದುರಾಗುವಂತೆ ಕೂಡಿಸುತ್ತಾರೆ. ಒಂದರ ದೋಷವನ್ನು ಇನ್ನೊಂದರ ದೋಷ ತಿನ್ನುತ್ತದೆ.

ಬೇರಿಂಗ್ ಸರಿಯಿದೆಯೆಂದು ನಿರ್ಧಾರವಾದ ಬಳಿಕ ಕದಿರಿನದೇ ಮೈಗಳನ್ನು ಅಳೆಯಬೇಕು. ರಿಜಿಸ್ಟರಿನ ಮೇಲೆ ಡಯಲನ್ನಿಟ್ಟು ಒಂದು ಸುತ್ತು, ಹೆಗಲಿನ ಮುಖದ ಮೇಲೆ ಒಂದು ಸುತ್ತು, ಆಮೇಲೆ ಟೇಪರಿನ ಒಳಮೈ. ಟೇಪರಿಗೆ ಸರಿಯಾದ ಪರೀಕ್ಷಾ ಸರಳನ್ನು ಸೇರಿಸಿ, ಮೂತಿಯ ಬಳಿ ಒಮ್ಮೆ, 300 ಮಿ.ಮೀ. ದೂರದಲ್ಲಿ ಮತ್ತೊಮ್ಮೆ ಓದಬೇಕು. ಸಾಮಾನ್ಯ ಲೇತಿಗೆ ಮೂತಿಯ ಬಳಿ 0.01, ದೂರದಲ್ಲಿ 0.02 ಮಿ.ಮೀ. ಒಪ್ಪತಕ್ಕ ಮಿತಿ. ಎರಡೆಡೆಯೂ ಒಂದೇ ದಿಕ್ಕಿನಲ್ಲಿ ಒಂದೇ ಅಳತೆ ಬಂದರೆ ಟೇಪರ್ ಪಕ್ಕಕ್ಕೆ ಸರಿದಿದೆ. ಮೂತಿಯ ಬಳಿ ಇಲ್ಲದೆ ದೂರಕ್ಕೆ ಹೋದಂತೆ ಬೆಳೆದರೆ ಟೇಪರ್ ಓರೆಯಾಗಿದೆ.

ಆದರೆ ಪರೀಕ್ಷಾ ಸರಳೇ ನೇರವಾಗಿದೆಯೆಂಬುದಕ್ಕೆ ಸಾಕ್ಷಿಯೇನು? ಇಲ್ಲಿ ಅನ್ವಯ–ವ್ಯತಿರೇಕಗಳು ನೆರವಿಗೆ ಬರುತ್ತವೆ. ಕದಿರಿನ ಮೇಲೂ ಸರಳಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿ ಉಬ್ಬುಬಿಂದುವನ್ನು ಕಂಡುಕೊಳ್ಳಬೇಕು. ಬಳಿಕ ಸರಳನ್ನು ಹೊರತೆಗೆದು, ಕಾಲು ಸುತ್ತು ತಿರುಗಿಸಿ ಮತ್ತೆ ಸೇರಿಸಬೇಕು. ಉಬ್ಬು ಸರಳಿನ ಗುರುತಿನೊಡನೆ ಚಲಿಸಿದರೆ ದೋಷ ಸರಳಿನದು. ಕದಿರಿನ ಗುರುತಿನೊಡನೆಯೇ ಉಳಿದರೆ ದೋಷ ಕದಿರಿನದು. ನಾಲ್ಕು ಸ್ಥಾನಗಳಲ್ಲಿ ಹೀಗೆ ಅಳೆದು ಸರಾಸರಿ ತೆಗೆಯುವುದು ಪರೀಕ್ಷಕರ ಕ್ರಮ. ಇದೇ ಉಪಾಯ ಚಕ್ಕಿಗೂ ಸಲ್ಲುತ್ತದೆ. ಜಾಬನ್ನು ದವಡೆಗಳಲ್ಲಿ ತಿರುಗಿಸಿ ಹಿಡಿದರೆ ಜಾಬಿನ ದೋಷ ಬೇರೆಯಾಗುತ್ತದೆ. ಚಕ್ಕನ್ನು ಬ್ಯಾಕ್‌ಪ್ಲೇಟಿನ ಮೇಲೆ ಒಂದು ಬೋಲ್ಟಿನಷ್ಟು ತಿರುಗಿಸಿ ಕೂಡಿಸಿದರೆ ಚಕ್ಕಿನ ದೋಷ ಪ್ಲೇಟಿನ ದೋಷದಿಂದ ಬೇರೆಯಾಗುತ್ತದೆ.

ಈ ಪೃಥಕ್ಕರಣ ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ. ಚಕ್ಕಿನಲ್ಲಿ ಹಿಡಿದ ಸರಳು 0.06 ಮಿ.ಮೀ. ಓಲಾಡುತ್ತಿದೆ ಎನ್ನೋಣ. ಬ್ಯಾಕ್‌ಪ್ಲೇಟಿನಲ್ಲಿ 0.08 ಮಿ.ಮೀ. ದೋಷ ಸಿಕ್ಕಿತು, ಅದನ್ನು ತಿದ್ದಲಾಯಿತು. ಮತ್ತೆ ಅಳೆದರೆ ಸರಳು ಈಗ 0.14 ಮಿ.ಮೀ. ಓಲಾಡುತ್ತಿದೆ! ಕೆಲಸಗಾರನು ತಾನೇನೋ ಕೆಡಿಸಿದೆನೆಂದು ಹೌಹಾರುತ್ತಾನೆ. ಅವನು ಏನನ್ನೂ ಕೆಡಿಸಿಲ್ಲ. ದವಡೆಗಳಲ್ಲಿ 0.14ರ ದೋಷ ಎದುರು ದಿಕ್ಕಿನಲ್ಲಿ ಮೊದಲೇ ಇತ್ತು, ಪ್ಲೇಟಿನ 0.08 ಅದರಲ್ಲಿ ಕಳೆದುಹೋಗಿ ಉಳಿದುದು 0.06 ಆಗಿತ್ತು. ಓಲಾಟಕ್ಕೆ ಅಳತೆಯಂತೆಯೇ ದಿಕ್ಕೂ ಉಂಟು. ದಿಕ್ಕನ್ನು ಬರೆದಿಡದೆ ಅಳತೆಯನ್ನು ಮಾತ್ರ ಬರೆದವರು ಇಂತಹ ಒಗಟಿನಲ್ಲಿ ಸಿಲುಕುತ್ತಾರೆ.

ಚಕ್ಕಿನ ವಿಷಯದಲ್ಲಿ ಅತಿನಿಷ್ಠುರತೆ ಸಲ್ಲದು. ಮೂರು ದವಡೆಗಳು ಒಟ್ಟಿಗೆ ಚಲಿಸುವ ಸುರುಳಿ ಚಕ್ಕು ಹೊಸದಿರುವಾಗಲೇ 0.07 ಮಿ.ಮೀ.ನಷ್ಟು ಓಲಾಡುವುದುಂಟು. ಅದರಿಂದ ಆಗುವ ನಷ್ಟವೂ ಜನ ತಿಳಿದಷ್ಟಿಲ್ಲ. ಜಾಬನ್ನು ಒಮ್ಮೆ ಹಿಡಿದು, ಬಿಚ್ಚದೆ, ಪೂರ್ತಿ ಕಡೆದು ಮುಗಿಸಿದರೆ ಅದು ಕದಿರಿನ ಅಕ್ಷದ ಸುತ್ತಲೇ ದುಂಡಾಗುತ್ತದೆ. ಚಕ್ಕು ಎಷ್ಟೇ ಓರೆಯಿದ್ದರೂ ಆ ಮೈಗೆ ಬಾಧಕವಿಲ್ಲ. ಬಿಚ್ಚಿ, ತಿರುವಿ ಹಿಡಿದಾಗಲೇ ತೊಂದರೆ. ನಿಖರತೆ ಬೇಕಾದಾಗ ನಾಲ್ಕು ದವಡೆಯ ಚಕ್ಕಿನಲ್ಲಿ ಒಂದೊಂದು ದವಡೆಯನ್ನೂ ಬೇರೆಬೇರೆಯಾಗಿ ಹೊಂದಿಸಿ ಹಿಡಿದರೆ ಸಾಕು. ದವಡೆಗಳ ಬಾಯಿ ತುತ್ತೂರಿಯಂತೆ ಅಗಲಿಸಿದ್ದರೆ ಅವನ್ನು ಅಲ್ಲಿಯೇ, ಬಿಗಿದ ಸ್ಥಿತಿಯಲ್ಲಿ, ಗ್ರೈಂಡ್ ಮಾಡಬಹುದು. ಆಗ ಬೆಡ್ಡನ್ನು ಬಟ್ಟೆಯಿಂದ ಮುಚ್ಚಲೇಬೇಕು. ಸಾಣೆಯ ಧೂಳು ಲೇತಿಗೆ ವಿಷ.

ಕಡೆದು ಮುಗಿಸಿದ ಮೈಯನ್ನೇ ಅಳೆದು ಕದಿರನ್ನು ಪರೀಕ್ಷಿಸುವವರಿಗೆ ಒಂದು ಸೂಕ್ಷ್ಮ ತಿಳಿದಿರಲಿ. ಉಳಿ ನಿಂತಿದ್ದ ಸ್ಥಾನದಲ್ಲಿಯೇ ಡಯಲನ್ನು ಇಟ್ಟರೆ ಮುಳ್ಳು ಆಡುವುದಿಲ್ಲ, ಏಕೆಂದರೆ ಪ್ರತಿ ಸುತ್ತಿನಲ್ಲಿಯೂ ಮರುಕಳಿಸುವ ಕದಿರಿನ ಚಲನೆಯನ್ನು ಉಳಿ ಆಗಲೇ ಜಾಬಿನ ಮೈಯಲ್ಲಿ ಬರೆದುಬಿಟ್ಟಿದೆ. ಡಯಲನ್ನು ನೆತ್ತಿಗೆ, ಎಂದರೆ ಕಾಲು ಸುತ್ತು ಆಚೆಗೆ ಇಟ್ಟಾಗ ಬಚ್ಚಿಟ್ಟ ದೋಷ ಹೊರಬೀಳುತ್ತದೆ.

ಬ್ಯಾಕ್‌ಪ್ಲೇಟಿನ ದುರಸ್ತಿ ಲೇತು ತನಗೆ ತಾನೇ ಮಾಡಿಕೊಳ್ಳುವ ಚಿಕಿತ್ಸೆ. ಪ್ಲೇಟನ್ನು ಅದು ಸೇರಿದ ಕದಿರಿಗೇ ಹಾಕಿ, ಅದರ ಮುಖವನ್ನು ಹಗುರವಾಗಿ ಒಂದು ಪದರ ಕಡೆದರೆ, ಆ ಮುಖ ಆ ಕದಿರಿಗೆ ಲಂಬವಾಗಿ ನಿಲ್ಲುತ್ತದೆ. ಚಕ್ಕು ಕೂರುವ ಅಂಚನ್ನು ಕಡೆದರೆ ಮಾತ್ರ ಅದು ಸಣ್ಣದಾಗಿ ಚಕ್ಕು ಸಡಿಲವಾಗುತ್ತದೆ. ಆಗ ಬೋಲ್ಟುಗಳನ್ನು ಅರೆಬಿಗಿಯಲ್ಲಿಟ್ಟು, ಡಯಲ್ ನೋಡುತ್ತ ಚಕ್ಕನ್ನು ಮೆದು ಸುತ್ತಿಗೆಯಿಂದ ತಟ್ಟಿ ಕೇಂದ್ರಕ್ಕೆ ತಂದು ಪೂರ್ತಿ ಬಿಗಿಯುತ್ತಾರೆ. ಸವೆದ ಯಂತ್ರಕ್ಕೆ ಇದು ಅಗ್ಗದ, ಸಮರ್ಥವಾದ ಪರಿಹಾರ.

ಇಷ್ಟೆಲ್ಲ ಆದ ಮೇಲೂ ದೋಷ ಕದಿರಿನಲ್ಲಿಯೇ ಉಳಿಯಿತೆಂದರೆ ಮಾತ್ರ ಕದಿರಿಗೆ ಕೈಹಾಕಬೇಕು. ಟೇಪರ್ ಕೆಟ್ಟಿದೆಯೆಂದು ರೀಮರನ್ನು ತುರುಕುವುದು ಎಲ್ಲರಿಗೂ ಹೊಳೆಯುವ ಉಪಾಯ. ರೀಮರು ಗೀರುಗಳನ್ನು ನಯಗೊಳಿಸೀತು. ಅಕ್ಷವನ್ನು ತಿದ್ದಲಾರದು, ಏಕೆಂದರೆ ಅದು ಈಗಿರುವ ರಂಧ್ರದ ಹಾದಿಯನ್ನೇ ಹಿಡಿದು ಹೋಗುತ್ತದೆ. ಅಕ್ಷ ತಿದ್ದಬೇಕಾದರೆ ಕದಿರು ತನ್ನದೇ ಬೇರಿಂಗಿನಲ್ಲಿ ತಿರುಗುತ್ತಿರುವಾಗ, ಮೇಲಿನ ಸ್ಲೈಡನ್ನು ಸುಮಾರು 1 ಡಿಗ್ರಿ 26 ನಿಮಿಷಕ್ಕೆ ತಿರುಗಿಸಿ, ಒಂದೇ ಮೊನೆಯ ಉಳಿಯಿಂದ ಅಥವಾ ಸಣ್ಣ ಗ್ರೈಂಡರಿನಿಂದ ಅತಿ ತೆಳುವಾಗಿ ತೆಗೆಯಬೇಕು. ಮುಖ್ಯವಾಗಿ ಬೇರಿಂಗಿನ ಸಡಿಲ ಮೊದಲೇ ಸರಿಯಾಗಿರಬೇಕು. ಇಲ್ಲವಾದರೆ ಹೊಸ ಟೇಪರ್ ಸಡಿಲದ ನಕಲಾಗಿ ಹುಟ್ಟುತ್ತದೆ. ಹೆಗಲಿನ ಮುಖವನ್ನು ಹೀಗೆಯೇ ಒಂದು ನಯವಾದ ಪದರ ಕಡೆಯಬಹುದು. ರಿಜಿಸ್ಟರನ್ನು ಮಾತ್ರ ಕಡೆಯಬಾರದು. ಅದು ಸಣ್ಣದಾದರೆ ಆ ಲೇತಿನ ಚಕ್ಕುಗಳೂ ಪ್ಲೇಟುಗಳೂ ಒಮ್ಮೆಗೇ ಸಡಿಲವಾಗುತ್ತವೆ. ಅಪಘಾತದಲ್ಲಿ ಬಾಗಿದ ಕದಿರನ್ನಾದರೋ ಹೊರತೆಗೆದು, ಬೇರಿಂಗ್ ಕೂರುವ ಎರಡು ಮೈಗಳನ್ನು ವಿ-ಬ್ಲಾಕುಗಳ ಮೇಲಿಟ್ಟು, ಮೂತಿಯನ್ನು ಅಳೆದು ಖಚಿತಪಡಿಸಿಕೊಳ್ಳಬೇಕು. ಅದನ್ನು ನೇರಗೊಳಿಸುವುದು ನುರಿತ ಗ್ರೈಂಡಿಂಗ್ ಕೆಲಸಗಾರನ ಪಾಲಿನದು.

ದುರಸ್ತಿ ಮುಗಿದ ದಿನ ಬಂದ ಅಳತೆಗಳನ್ನು, ರಿಜಿಸ್ಟರ್, ಹೆಗಲು, ಟೇಪರಿನ ಎರಡು ಸ್ಥಾನಗಳು, ಬೇರಿಂಗಿನ ಸಡಿಲ, ತೆಗೆದ ಷಿಮ್ ಹಾಳೆಗಳ ಸಂಖ್ಯೆ, ಹೀಗೆ ತಾರೀಖಿನೊಡನೆ ಒಂದು ಕಾರ್ಡಿನಲ್ಲಿ ಬರೆದು ಹೆಡ್‌ಸ್ಟಾಕಿನ ಬಾಗಿಲ ಒಳಮೈಗೆ ಅಂಟಿಸಿಡಬೇಕು. ಸುಲಿದ ಹಾಳೆಗಳನ್ನು ಲಕೋಟೆಯಲ್ಲಿ ಹಾಕಿ ಅದರ ಜೊತೆಯಲ್ಲಿಯೇ ಇಡಬೇಕು.